ಗಲ್ಲಾಕ್ಕೆ ಬಂದ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಸಿಗುತ್ತದೆಯೇ?

ಪ್ರಶ್ನೆ: ಗುಬ್ಬಿಯಲ್ಲಿ ನಮ್ಮದೊಂದು ದಿನಸಿ ಅಂಗಡಿ. ಗಲ್ಲಾದಲ್ಲಿ ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯ ಸಿಕ್ಕಿದೆ. ಲಕ್ಷಗಟ್ಟಲೆ ಬೆಲೆ ಇದೆಯೆಂದು ಮೊಬೈಲಿಗೆ ವಿಡಿಯೊ ಬಂದಿತ್ತು. ಅಜ್ಜಿಯ ಡಬ್ಬಿಯಲ್ಲೂ ಹಳೇ ಕಾಸುಗಳಿವೆ. ಬೆಲೆ ತಿಳಿಯುವುದು ಹೇಗೆ?

ಉತ್ತರ: ಲಕ್ಷ ಸಿಗುವುದಿಲ್ಲ. 2012ರಲ್ಲಿ ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬಕ್ಕೆಂದು ಹೊರಡಿಸಿದ ನಾಣ್ಯ ಅದು. ಚಲಾವಣೆಗೆ ಧಾರಾಳವಾಗಿ ಬಿಟ್ಟಿದ್ದರಿಂದಲೇ ನಿಮ್ಮ ಗಲ್ಲಾಕ್ಕೂ ಬಂತು. "ಮೊದಲು ನೋಂದಣಿ ಶುಲ್ಕ ಕಟ್ಟಿ" ಅಂತ ಯಾರಾದರೂ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ತನ್ನ ಹೆಸರು ಹೇಳಿಕೊಂಡು ಹೀಗೆ ಕಮಿಷನ್, ತೆರಿಗೆ ಎಂದು ಹಣ ಕೀಳುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಕೊಳ್ಳುವವರು ದುಡ್ಡು ಕೊಡಬೇಕು, ಕೇಳಬಾರದು.

ನೋಡಬೇಕಾದದ್ದು ಅಜ್ಜಿಯ ಡಬ್ಬಿಯನ್ನು. ದಯವಿಟ್ಟು ಆ ಕಾಸುಗಳನ್ನು ತೊಳೆಯಬೇಡಿ. ಪೂಜೆ ಸಾಮಾನಿನ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಹೊಳಪೇನೋ ಬರುತ್ತದೆ. ಆದರೆ ವರ್ಷಗಟ್ಟಲೆ ಕೂತ ಮೇಲ್ಪದರ ಹೋಗಿ, ಸಣ್ಣ ಗೀರು ಬಿದ್ದು, ಸಂಗ್ರಹಕಾರರು ಕೊಡುವ ಬೆಲೆ ಇಳಿದುಬಿಡುತ್ತದೆ. ಎಷ್ಟೋ ಒಳ್ಳೆಯ ನಾಣ್ಯಗಳು ಹಾಳಾಗುವುದು ಮನೆಯವರ ಈ ಅಕ್ಕರೆಯಿಂದಲೇ.

ಇಸವಿ ನೋಡಿ, ಆಮೇಲೆ ಅಯಸ್ಕಾಂತ ಹಿಡಿಯಿರಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ. 1939ರವರೆಗಿನದರಲ್ಲಿ ನೂರಕ್ಕೆ 91ಕ್ಕೂ ಹೆಚ್ಚು ಪಾಲು ಬೆಳ್ಳಿ, 1940ರಿಂದ 1945ರವರೆಗಿನದರಲ್ಲಿ ಅರ್ಧ. ಇವಕ್ಕೆ ಬೆಳ್ಳಿಯ ಬೆಲೆಯಂತೂ ಖಚಿತ. 1947ರ ಹುಲಿ ರೂಪಾಯಿ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಅಂಟದ್ದೆಲ್ಲ ಬೆಳ್ಳಿಯೇ ಅಂದುಕೊಳ್ಳಬೇಡಿ, ಅಕ್ಕಸಾಲಿಗರ ಹತ್ತಿರ ತೂಕ ಹಾಕಿಸಿ. ಆರನೇ ಜಾರ್ಜ್ ಮುಖದ 1939ರ ರೂಪಾಯಿ ಬಹಳ ಅಪರೂಪ, ಹಾಗಾಗಿ ಅದರ ನಕಲಿಗಳೂ ಓಡಾಡುತ್ತವೆ. ಕಮಲದ 20 ಪೈಸೆಯ ಹಳದಿ ಬಣ್ಣ ತಾಮ್ರದ ಮಿಶ್ರಲೋಹದ್ದು, ಅದರಲ್ಲಿ ಚಿನ್ನವಿಲ್ಲ.

ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ಕಣ್ಣಿಡಿ. ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಅದೇ ಇಸವಿಯ ನಾಣ್ಯ ಒಂದು ಕಡೆ ಕೋಟಿಗಟ್ಟಲೆ, ಇನ್ನೊಂದು ಕಡೆ ಕಡಿಮೆ ತಯಾರಾಗಿರಬಹುದು. ಬೆಲೆ ಬರುವುದು ಆ ಕೊರತೆಗೆ, ಅದೂ ಸವೆಯದೆ ಉಳಿದಿದ್ದರೆ. ಅಚ್ಚು ಪಕ್ಕಕ್ಕೆ ಸರಿದು ಬಿದ್ದಂಥ ಟಂಕಸಾಲೆಯ ದೋಷಕ್ಕೂ ಬೇಡಿಕೆಯಿದೆ. ರೈಲು ಹಳಿಯ ಮೇಲಿಟ್ಟು ಚಪ್ಪಟೆಯಾದದ್ದಕ್ಕಿಲ್ಲ.

ಮಾರುವ ಮುಂಚೆ ಇಬ್ಬರು ವ್ಯಾಪಾರಿಗಳಿಗಾದರೂ ತೋರಿಸಿ. ನಾಲ್ಕಾಣೆ, ಅಂದರೆ 25 ಪೈಸೆ, ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ. ಎಂಟಾಣೆ, ಅಂದರೆ 50 ಪೈಸೆ, ಕಾನೂನಿನ ಪ್ರಕಾರ ಈಗಲೂ ನಡೆಯುತ್ತದೆ. ಗಿರಾಕಿ ಕೊಟ್ಟರೆ ತೆಗೆದುಕೊಳ್ಳಿ.