ದಾಖಲೆ ಇದೆ, ಸಿಗುವುದಿಲ್ಲ: ಕಪ್ಪು ಸಮುದಾಯಗಳ ಪತ್ರಾಗಾರಗಳು ಮತ್ತು ಶೋಧದ ಕಷ್ಟ

ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1930ರಿಂದ ಕಪ್ಪು ಜನರ ಬರಹಗಳ ಸಂಗ್ರಹವನ್ನು ಕಟ್ಟಿ ಬೆಳೆಸಿದ ಗ್ರಂಥಪಾಲಕಿ ಡೊರೊತಿ ಪೋರ್ಟರ್ ಅವರಿಗೆ ಪುಸ್ತಕ ಕೂಡಿಸುವುದಕ್ಕಿಂತ ಅವುಗಳಿಗೆ ಸಂಖ್ಯೆ ಕೊಡುವುದೇ ದೊಡ್ಡ ತೊಡಕಾಯಿತು. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ, ಅಂದು ಬಳಕೆಯಲ್ಲಿದ್ದ ಡ್ಯೂಯಿ ವರ್ಗೀಕರಣದಲ್ಲಿ ವಲಸೆ ಮತ್ತು ವಸಾಹತಿಗೆ 325, ಗುಲಾಮಗಿರಿಗೆ 326 ಎಂಬ ಸಂಖ್ಯೆಗಳಿದ್ದವು. ಜೇಮ್ಸ್ ವೆಲ್ಡನ್ ಜಾನ್ಸನ್ ಅವರ ಕವನ ಸಂಕಲನವನ್ನು ಕೂಡ, ಕವಿ ಕಪ್ಪು ವರ್ಣದವರೆಂಬ ಒಂದೇ ಕಾರಣಕ್ಕೆ, 325ರ ಕಪಾಟಿಗೆ ಸೇರಿಸುವ ಪದ್ಧತಿ ಇತ್ತು. ಪೋರ್ಟರ್ ಇದನ್ನು ಒಪ್ಪದೆ ಕವಿತೆಯನ್ನು ಕವಿತೆಯೆಂದೂ ಸಂಗೀತವನ್ನು ಸಂಗೀತವೆಂದೂ ಪರಿಗಣಿಸಿ ಸಂಗ್ರಹವನ್ನು ಹೊಸದಾಗಿ ವಿಂಗಡಿಸಿದರು. ಕಪ್ಪು ಸಮುದಾಯಗಳ ಪತ್ರಾಗಾರಗಳನ್ನು ಜನರಿಗೆ ತಲುಪಿಸುವ ಜಾಲತಾಣವನ್ನು ಇಂದು ರೂಪಿಸುವವರು ಎದುರಿಸುತ್ತಿರುವುದೂ ಹೆಚ್ಚುಕಡಿಮೆ ಇದೇ ಪ್ರಶ್ನೆ.

ಸಾಮಾನ್ಯ ಶೋಧ ಯಂತ್ರವು ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ ಕೆಲಸ ಮಾಡುತ್ತದೆ: ಯಾವ ಪದ ಯಾವ ದಾಖಲೆಯ ವಿವರಣೆಯಲ್ಲಿದೆ ಎಂಬ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡು, ನಾವು ಟೈಪ್ ಮಾಡಿದ ಪದವನ್ನು ಅದರಲ್ಲಿ ನೋಡುತ್ತದೆ. ವಿವರಣೆಯಲ್ಲಿ ಆ ಪದವೇ ಇಲ್ಲದಿದ್ದರೆ ದಾಖಲೆ ಇದ್ದೂ ಇಲ್ಲದಂತೆ. ಅಮೆರಿಕದ ಗ್ರಂಥಾಲಯಗಳು ಅನುಸರಿಸುವ ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯ ಶೀರ್ಷಿಕೆಗಳಲ್ಲಿ (ಪುಸ್ತಕ ಯಾವುದರ ಬಗ್ಗೆ ಎಂದು ಸೂಚಿಸುವ ನಿಗದಿತ ಪದಗಳಲ್ಲಿ) ಈ ಸಮುದಾಯದ ಹೆಸರು 1976ರವರೆಗೆ ‘ನೀಗ್ರೋಸ್’ ಎಂದೇ ಇತ್ತು; ಆಮೇಲೆ ‘ಆಫ್ರೋ-ಅಮೆರಿಕನ್ಸ್’, 2000ದಲ್ಲಿ ‘ಆಫ್ರಿಕನ್ ಅಮೆರಿಕನ್ಸ್’ ಆಯಿತು. ಹಳೆಯ ಸೂಚಿಗಳಲ್ಲಿ ಮಾತ್ರ ಹಳೆಯ ಪದಗಳೇ ಉಳಿದಿರಬಹುದು. ಇಂದು ‘ಬ್ಲ್ಯಾಕ್’ ಎಂದು ಹುಡುಕುವ ವಿದ್ಯಾರ್ಥಿಗೆ ಅಂಥವು ಕಾಣಿಸುವುದಿಲ್ಲ. ಆದ್ದರಿಂದ ಜಾಲತಾಣವು ಈ ಪದಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ, ಯಾವುದನ್ನು ಟೈಪ್ ಮಾಡಿದರೂ ಎಲ್ಲವನ್ನೂ ಹುಡುಕುವಂತಿರಬೇಕು. ಹಳೆಯ ಪದ ನೋವು ಕೊಡುತ್ತದೆಂದು ಅದನ್ನು ಅಳಿಸಿಬಿಡುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಮೇರಿ ಮೆಕ್ಲಿಯಡ್ ಬೆಥ್ಯೂನ್ 1935ರಲ್ಲಿ ಸ್ಥಾಪಿಸಿದ ‘ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೋ ವಿಮೆನ್’ ಸಂಸ್ಥೆಯ ಹೆಸರೇ ಹಾಗಿರುವಾಗ, ಅಳಿಸಿದರೆ ಕಳೆದುಹೋಗುವುದು ಅವರ ಚರಿತ್ರೆಯೇ.

ಮನೆತನದ ಮೂಲವನ್ನು ಹುಡುಕುವವರ ಪಾಡು ಇನ್ನೂ ಕಠಿಣ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆಂದೇ ಪ್ರತ್ಯೇಕ ಹಾಳೆಗಳಿದ್ದವು. ಅಂಥ ಒಂದು ಹಾಳೆಯನ್ನು ತೆರೆದರೆ ಎಡಗಡೆ ಯಜಮಾನನ ಹೆಸರು, ಅದರ ಮುಂದೆ ಸಾಲುಸಾಲಾಗಿ ವಯಸ್ಸು, ಲಿಂಗ, ಮೈಬಣ್ಣ ಕಾಣುತ್ತವೆ. ಬಹುತೇಕ ಕಡೆ ಗುಲಾಮ ವ್ಯಕ್ತಿಯ ಹೆಸರಿಗೆ ಜಾಗವೇ ಇಲ್ಲ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ಹೆಸರುಗಳು ರಾಷ್ಟ್ರೀಯ ಜನಗಣತಿಯಲ್ಲಿ ಬರುವುದು 1870ರಿಂದ. ಹೀಗಿರುವಾಗ ‘ಹೆಸರು’ ಎಂಬ ಒಂದೇ ಖಾನೆಯನ್ನು ಕೊಡುವ ತಾಣ 1870ಕ್ಕಿಂತ ಹಿಂದಕ್ಕೆ ದಾರಿ ತೋರಲಾರದು. ಯಜಮಾನನ ಹೆಸರು, ಕೌಂಟಿ, ತೋಟ, ಚರ್ಚು ಇವುಗಳ ಮೂಲಕವೂ ಒಳಹೋಗಲು ಸಾಧ್ಯವಾಗಬೇಕು. ಬಿಡುಗಡೆ ಹೊಂದಿದವರ ನೆರವಿಗೆಂದು 1865ರಿಂದ 1872ರವರೆಗೆ ಕೆಲಸ ಮಾಡಿದ ಸರ್ಕಾರಿ ಸಂಸ್ಥೆ ಫ್ರೀಡ್‌ಮೆನ್ಸ್ ಬ್ಯೂರೋದ ಕೂಲಿ ಕರಾರು, ಮದುವೆ, ಪಡಿತರಗಳ ಕೈಬರಹದ ಕಾಗದಗಳಿಂದ ಸಾವಿರಾರು ಸ್ವಯಂಸೇವಕರು 2015-16ರಲ್ಲಿ ಹೆಸರುಗಳನ್ನು ಹೆಕ್ಕಿ ಸೂಚಿ ಮಾಡಿದ್ದರಿಂದ ಅನೇಕ ಕುಟುಂಬಗಳಿಗೆ ಈ ಗೋಡೆಯನ್ನು ದಾಟುವ ದಾರಿ ತೆರೆಯಿತು.

ಇಂಥ ತಾಣ ಮೂಲ ದಾಖಲೆಗಳನ್ನು ತಾನೇ ಇಟ್ಟುಕೊಳ್ಳಬೇಕೆಂದಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯಗಳು ರೂಪಿಸಿದ ‘ಅಂಬ್ರಾ ಸರ್ಚ್’ ನೂರಾರು ಗ್ರಂಥಾಲಯ, ಪತ್ರಾಗಾರಗಳಿಂದ ಶೀರ್ಷಿಕೆ, ಕರ್ತೃ, ಕಾಲ, ವಿಷಯ ಮುಂತಾದ ವಿವರಗಳನ್ನಷ್ಟೇ ಪಡೆದು ಒಂದೆಡೆ ತೋರಿಸಿತು. ಕ್ಲಿಕ್ ಮಾಡಿದವರು ದಾಖಲೆ ಇರುವ ಸಂಸ್ಥೆಯ ಪುಟಕ್ಕೇ ಹೋಗುತ್ತಿದ್ದರು. ‘ಡಬ್ಲಿನ್ ಕೋರ್’ ಎಂಬ 15 ಖಾನೆಗಳ ಸರಳ ಮಾದರಿಯಂಥವು ಈ ವಿನಿಮಯವನ್ನು ಸುಲಭಗೊಳಿಸುತ್ತವೆ. ದೊಡ್ಡ ಸಂಸ್ಥೆಗಳಿಗೆ ಇದು ಸಲೀಸು, ಆದರೆ ಚರ್ಚಿನ ಹಿಂಬದಿಯ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಕಾಯುತ್ತಿರುವ ಸಂಘಕ್ಕೆ ಸರ್ವರ್ ಎಲ್ಲಿಯದು? ಅವರಿಂದ ಒಂದು ಎಕ್ಸೆಲ್ ಹಾಳೆಯನ್ನಾದರೂ ತಾಣ ಸ್ವೀಕರಿಸಬೇಕು. ಸ್ಕ್ಯಾನ್ ಆಗದ ಪೆಟ್ಟಿಗೆಗೂ ಒಂದು ಪುಟ ಕೊಟ್ಟು, ಅದನ್ನು ಎಲ್ಲಿ, ಯಾವಾಗ ಹೋಗಿ ನೋಡಬಹುದೆಂದು ಬರೆಯಬೇಕು.

ಆ ಪೆಟ್ಟಿಗೆಗಳಲ್ಲಿ ಸಿಗುವ ಅತ್ಯಂತ ಉಪಯುಕ್ತ ಕಾಗದಗಳಲ್ಲಿ ಅಂತ್ಯಕ್ರಿಯೆಯ ಕಾರ್ಯಕ್ರಮ ಪತ್ರಿಕೆಯೂ ಒಂದು. ಮೃತರ ಭಾವಚಿತ್ರ, ಹುಟ್ಟೂರು, ತಂದೆತಾಯಿ, ದುಡಿದ ಕೆಲಸ, ಸೇರಿದ್ದ ಚರ್ಚು, ಉಳಿದಿರುವ ಬಂಧುಗಳ ಹೆಸರು ಎಲ್ಲವೂ ನಾಲ್ಕಾರು ಪುಟಗಳಲ್ಲಿ ಅಚ್ಚಾಗಿರುತ್ತವೆ. ಜಾರ್ಜಿಯಾ ರಾಜ್ಯದ ಡಿಜಿಟಲ್ ಗ್ರಂಥಾಲಯ ಅಗಸ್ಟಾ ನಗರದ ಇಂಥ ಪತ್ರಿಕೆಗಳನ್ನು ಜಾಲದಲ್ಲಿ ಇರಿಸಿದೆ. ಆದರೆ ಆ ಬಂಧುಗಳಲ್ಲಿ ಕೆಲವರು ಇನ್ನೂ ಬದುಕಿರಬಹುದು, ತಮ್ಮ ಹೆಸರು ಲೋಕಕ್ಕೆಲ್ಲ ಸಿಗುವುದು ಅವರಿಗೆ ಇಷ್ಟವಿರಲಿಕ್ಕಿಲ್ಲ. ಆದುದರಿಂದ ವಿವರಣೆಯನ್ನು ಎಲ್ಲರಿಗೂ ತೆರೆದಿಟ್ಟು, ಇತ್ತೀಚಿನ ದಶಕಗಳ ಪತ್ರಿಕೆಗಳ ಚಿತ್ರಗಳನ್ನು ಕೇಳಿದವರಿಗೆ ಮಾತ್ರ ತೋರಿಸುವ ವ್ಯವಸ್ಥೆ ಬೇಕು. ಬೇಡವೆನ್ನುವ ಕುಟುಂಬ ತನ್ನ ಕೋರಿಕೆಯನ್ನು ಅದೇ ಪುಟದಿಂದ ನೇರವಾಗಿ ಆ ಪತ್ರಾಗಾರಕ್ಕೆ ಕಳುಹಿಸುವಂತಿರಬೇಕು.