ಬಾನೆಟ್ ಒಳಗಿನ ಹಳೇ ಗಮ್ ತೆಗೆಯೋಕೆ ಪೆಟ್ರೋಲ್ ಹಾಕಬಹುದಾ?

ಪ್ರಶ್ನೆ: ನನ್ನದು 1989ರ ಪ್ರೀಮಿಯರ್ ಪದ್ಮಿನಿ. ಹಿಂದಿನ ಓನರ್ ಸೌಂಡ್ ಕಮ್ಮಿಯಾಗಲಿ ಅಂತ ಬಾನೆಟ್ ಒಳಗೆ ಫೋಮ್ ಅಂಟಿಸಿದ್ದರು. ಫೋಮ್ ಪುಡಿಯಾಗಿ ಉದುರಿದೆ, ಕಂದು ಬಣ್ಣದ ಗಮ್ ಹಾಗೇ ಕೂತಿದೆ. ಪೆಟ್ರೋಲಲ್ಲಿ ಒರೆಸಿದರೆ ಹೋಗುತ್ತೆ ಅಂತಾರೆ. ಒರೆಸಲಾ?

ಬೇಡ.

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಒಬ್ಬರದು ಅಂಬಾಸಡರ್, ಇನ್ನೊಬ್ಬರದು ಕಾಂಟೆಸ್ಸಾ, ಮತ್ತೊಬ್ಬರದು ಹಳೇ ಮಾರುತಿ 800. ಪೆಟ್ರೋಲ್ ಮಾತ್ರ ಎಲ್ಲರ ಬಾಯಲ್ಲೂ ಇದೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಎಂಜಿನ್ ತಣ್ಣಗಿದೆ, ಹತ್ತಿರ ಯಾರೂ ಬೀಡಿ ಸೇದುತ್ತಿಲ್ಲ, ಇನ್ನೇನು ಭಯ ಅಂತೀರಿ. ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಪೆಟ್ರೋಲು. ನಮ್ಮೂರ ಬಿಸಿಲಲ್ಲಿ ಕೇಳಬೇಕಾ? ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೆ ಹಾರಿ ಹೋಗಲ್ಲ. ಬಾನೆಟ್‌ನಿಂದ ಇಳಿದು ಎಂಜಿನ್ ಸಂದಿಗಳಲ್ಲಿ, ಗಾಡಿ ಕೆಳಗೆ ನಿಲ್ಲುತ್ತೆ. ಬ್ಯಾಟರಿ ಟರ್ಮಿನಲ್‌ಗೆ ಸ್ಪ್ಯಾನರ್ ತಾಗಿದರೆ ಬರುವ ಒಂದು ಕಿಡಿ ಸಾಕು. ಹ್ಯಾಂಡ್ ಲ್ಯಾಂಪ್ ಕೈಜಾರಿ ಬಲ್ಬ್ ಒಡೆದರೂ ಸಾಕು.

ಬೆಂಕಿಯ ಮಾತು ಬಿಡಿ, ಕೆಲಸವಾದರೂ ಆಗುತ್ತಾ? ಅದೂ ಇಲ್ಲ. ಇಂಥ ಗಮ್ ಬಹುಪಾಲು ರಬ್ಬರ್ ಜಾತಿಯದು. ವರ್ಷಗಟ್ಟಲೆ ಎಂಜಿನ್ ಕಾವಿಗೆ ಬೆಂದು ಗಟ್ಟಿಯಾಗಿರುತ್ತೆ. ಅದು ಸಕ್ಕರೆ ಹಾಗೆ ಕರಗಲ್ಲ, ನೆನೆದು ಉಬ್ಬಬೇಕು. ಉಬ್ಬೋಕೆ ಟೈಮ್ ಬೇಕು. ಪೆಟ್ರೋಲ್ ಹಚ್ಚಿದ ಒಂದೆರಡು ನಿಮಿಷದಲ್ಲೇ ಆರಿಹೋಗುತ್ತೆ. ಮೇಲಿನ ಪದರ ಮಾತ್ರ ಲೋಳೆಯಾಗುತ್ತೆ, ಒರೆಸಿದರೆ ಪಕ್ಕಕ್ಕೆ ಬಳಿದುಕೊಳ್ಳುತ್ತೆ. ನಾನೂ ಮೊದಲ ಗಾಡಿಯಲ್ಲಿ ಇದನ್ನೇ ಮಾಡಿದ್ದೆ. ಅಂಗೈ ಅಗಲದ ಕಲೆ ಹತ್ತು ನಿಮಿಷದಲ್ಲಿ ತಟ್ಟೆ ಅಗಲ ಆಯಿತು. ಬಟ್ಟೆ ತಿರುಗಿಸಿ ನೋಡಿದರೆ ಅದರಲ್ಲಿ ಗಾಡಿಯ ಬಣ್ಣ.

"ಹಳೇ ಮೇಸ್ತ್ರಿಗಳು ಪೆಟ್ರೋಲಲ್ಲೇ ತೊಳೀತಿದ್ರಲ್ಲ ಸಾರ್" ಅನ್ನೋದು ಮುಂದಿನ ಮಾತು. ತೊಳೀತಿದ್ದರು, ನಿಜ. ಬಿಚ್ಚಿದ ಕಾರ್ಬ್ಯುರೇಟರನ್ನು, ಬಯಲಲ್ಲಿ, ತಟ್ಟೆಯಲ್ಲಿಟ್ಟು. ಅದು ಬರೀ ಲೋಹ. ನಿಮ್ಮ ಬಾನೆಟ್‌ಗೆ ಪೇಂಟ್ ಇದೆ, ಕೆಳಗೆ ವೈರಿಂಗ್ ಇದೆ, ರಬ್ಬರ್ ಹೋಸ್ ಇದೆ. ಎರಡೂ ಒಂದೇ ಕೆಲಸ ಅಲ್ಲ.

ಥಿನ್ನರ್? ಅದೂ ಬೇಡ. ಹಳೇ ಗಾಡಿಗಳಲ್ಲಿ ಡ್ಯೂಕೋ ಅಂತ ಕರೆಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಇದ್ದರೆ ಅದು ಎಷ್ಟು ವರ್ಷ ಆದರೂ ಥಿನ್ನರ್‌ಗೆ ಕರಗುತ್ತೆ. ಗಮ್‌ಗಿಂತ ಮೊದಲು ಪೇಂಟೇ ಬರುತ್ತೆ.

ಹಾಗಾದರೆ ಏನು ಮಾಡಬೇಕು? ಮೊದಲು ಬ್ಯಾಟರಿಯ ಅರ್ತ್ ವೈರ್ ತೆಗೆಯಿರಿ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ. ಉಳಿದ ಫೋಮನ್ನು ಒಣಗಿದ್ದಾಗಲೇ ಕೆರೆಯಿರಿ. ಬ್ಲೇಡ್ ಬೇಡ, ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು. ಆಮೇಲೆ ಹೇರ್ ಡ್ರೈಯರ್‌ನಿಂದ ಎರಡು ಇಂಚು ಜಾಗಕ್ಕೆ ಮಾತ್ರ ಬಿಸಿ ಕೊಡಿ. ಗಮ್ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಅದೇ ಹದ. ಆಗ ಕಾರ್ಡ್ ಓರೆಯಾಗಿ ಹಿಡಿದು ತಳ್ಳಿದರೆ ಸುರುಳಿ ಸುರುಳಿಯಾಗಿ ಏಳುತ್ತೆ. ನೋಡೋಕೇ ಒಂದು ಖುಷಿ. ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತೆ.

ಉಳಿದ ತೆಳು ಪದರಕ್ಕೆ ನೀಲಗಿರಿ ಎಣ್ಣೆ. ಹೌದು, ನೆಗಡಿಗೆ ಹಚ್ಚೋದೇ. ಡ್ರೈಯರ್ ಆಫ್ ಮಾಡಿ ದೂರ ಇಡಿ, ಲೋಹ ತಣ್ಣಗಾಗಲಿ, ಯಾಕಂದ್ರೆ ಈ ಎಣ್ಣೆಯೂ ಹೊತ್ತಿಕೊಳ್ಳುತ್ತೆ. ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಬಟ್ಟೆಗೆ ಬಣ್ಣ ಬಂದರೆ ನಿಲ್ಲಿಸಿ, ಬದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ. ಬಣ್ಣ ಬರದಿದ್ದರೆ ಎಣ್ಣೆ ಅದ್ದಿದ ಹತ್ತಿ ಬಟ್ಟೆಯನ್ನು ಐದು ನಿಮಿಷ ಅಂಟಿಸಿಟ್ಟು ಒರೆಸಿ, ಬೇಕಾದರೆ ಇನ್ನೊಮ್ಮೆ. ಕೊನೆಗೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎಣ್ಣೆ ಪೂರ್ತಿ ತೆಗೆಯಿರಿ. ಎಣ್ಣೆ ಜಿಡ್ಡು ಉಳಿದರೆ ಮುಂದೆ ಪೇಂಟ್ ಹಿಡಿಯಲ್ಲ. ಆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಹರಡಿ ಬಯಲಲ್ಲಿ ಒಣಗಿಸಿ.

ಮತ್ತೆ ಫೋಮ್ ಅಂಟಿಸಬೇಡಿ. ಅದು ನೀರು ಹಿಡಿದಿಟ್ಟು ತಗಡಿಗೆ ತುಕ್ಕು ತರುತ್ತೆ.

ಇನ್ನೊಂದು ವಿಷಯ. ಕೈ ಹಾಕಿದ್ದೇನೆ, ಎಂಜಿನ್ ಬೇ ಪೂರ್ತಿ ಹೊಳೆಯೋ ಹಾಗೆ ಮಾಡಿಬಿಡೋಣ ಅಂತ ವೈರ್ ಬ್ರಶ್ ಹಿಡಿಯುವವರಿದ್ದಾರೆ. ಪಂಚ್ ಮಾಡಿದ ಚಾಸಿ ನಂಬರ್, ಎಂಜಿನ್ ನಂಬರ್ ಎಲ್ಲಿದೆ ಅಂತ ಮೊದಲು ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ರಿನ್ಯೂವಲ್. ಆಗ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಉಜ್ಜಿ ಉಜ್ಜಿ ಅಕ್ಷರ ಸವೆದಿದ್ದರೆ, ಇಲ್ಲವೇ ಮೇಲೆ ದಪ್ಪ ಪೇಂಟ್ ಬಳಿದಿದ್ದರೆ, ಕಾಗದದ ಮೇಲೆ 3 ಯಾವುದು 8 ಯಾವುದು ಗೊತ್ತಾಗಲ್ಲ. ಹಳೇ ಹಲ್ಲುಜ್ಜುವ ಬ್ರಶ್, ಸ್ವಲ್ಪ ಸೀಮೆಎಣ್ಣೆ, ಅಷ್ಟೇ ಸಾಕು. ಒರೆಸಿ ಒಣಗಿದ ಮೇಲೆ ನೀವೇ ಒಂದು ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ನೋಡಿ, ಆರ್‌ಸಿ ಜೊತೆ ಹೋಲಿಸಿ, ಆ ಹಾಳೆಯನ್ನು ಗಾಡಿ ಫೈಲಲ್ಲಿ ಇಟ್ಟುಕೊಳ್ಳಿ.