ರಿಲೇಶನ್ ಅಂದರೆ ಟೇಬಲ್, ನಂಟಲ್ಲ

‘ಟೇಬಲ್‌ಗಳ ನಡುವೆ ಸಂಬಂಧ ಇರುವುದರಿಂದಲೇ ರಿಲೇಶನಲ್ ಡೇಟಾಬೇಸ್ ಎಂಬ ಹೆಸರು.’ ಇಂಟರ್‌ವ್ಯೂ ಉತ್ತರಗಳಲ್ಲಿ, ಪಾಠದ ವಿಡಿಯೊಗಳಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಕಾಲಂ) ಒಂದೂ ಇಲ್ಲದ, ಒಂಟಿ ಟೇಬಲ್ಲಿನ ಡೇಟಾಬೇಸೂ ರಿಲೇಶನಲ್ಲೇ.

ಪದ ಬಂದದ್ದು ಗಣಿತದಿಂದ. ಕೆಲವು ಗಣಗಳಿಂದ (ಸೆಟ್‌ಗಳಿಂದ) ಒಂದೊಂದು ಮೌಲ್ಯ ಎತ್ತಿ ಜೋಡಿಸಿದರೆ ಎಷ್ಟು ಸಾಲುಗಳಾಗಬಹುದೋ ಅವೆಲ್ಲ ಸೇರಿ ಕಾರ್ಟೀಸಿಯನ್ ಗುಣಲಬ್ಧ; ಅದರ ಯಾವುದೇ ಉಪಗಣ ರಿಲೇಶನ್. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಇದನ್ನೇ ದತ್ತಾಂಶಕ್ಕೆ ಅನ್ವಯಿಸಿದರು. ಐಎಸ್‌ಬಿಎನ್, ಶೀರ್ಷಿಕೆ, ವರ್ಷ ಇವುಗಳ ಸಾಧ್ಯ ಜೋಡಣೆಗಳಲ್ಲಿ ನಿಜವಾದವಷ್ಟನ್ನೇ ಇಟ್ಟುಕೊಂಡರೆ ‘ಪುಸ್ತಕ’ ಟೇಬಲ್. ಬಂಧ ಇರುವುದು ಒಂದೇ ಸಾಲಿನ ಮೌಲ್ಯಗಳ ನಡುವೆ. ಪುಸ್ತಕಕ್ಕೂ ಲೇಖಕರಿಗೂ ಇರುವುದು ರಿಲೇಶನ್‌ಶಿಪ್. 1976ರಲ್ಲಿ ಪೀಟರ್ ಚೆನ್ ಮಂಡಿಸಿದ ಎಂಟಿಟಿ-ರಿಲೇಶನ್‌ಶಿಪ್ ಮಾದರಿಯ ಮಾತು ಅದು. ಕನ್ನಡದಲ್ಲಿ ಎರಡಕ್ಕೂ ‘ಸಂಬಂಧ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಎರಡನೆಯದಕ್ಕೆ ‘ನಂಟು’ ಅಂದರೆ ಏನು ಕಷ್ಟ?

ಇದು ಬರೀ ಪದದ ಜಗಳವಲ್ಲ. ಸ್ಕೀಮಾ (ಟೇಬಲ್‌ಗಳ ವಿನ್ಯಾಸ) ನೋಡಿಕೊಂಡು ಪ್ರೋಗ್ರಾಮಿನಲ್ಲಿ ಅದಕ್ಕೆ ತಕ್ಕ ಕ್ಲಾಸ್ (ಒಂದು ಬಗೆಯ ವಸ್ತುವಿನ ಅಚ್ಚು) ಬರೆಯುವಾಗ ಗೊಂದಲ ಕೋಡಿಗೆ ಇಳಿಯುತ್ತದೆ. ‘ಪುಸ್ತಕ_ಲೇಖಕ’ ಟೇಬಲ್ಲಿನಲ್ಲಿ ಎರಡು ಫಾರಿನ್ ಕೀ ಬಿಟ್ಟು ಬೇರೇನೂ ಇಲ್ಲವೆಂದರೆ ಅದಕ್ಕೆ ಕ್ಲಾಸ್ ಬೇಡ. ಪುಸ್ತಕದಲ್ಲಿ ಲೇಖಕರ ಸಂಗ್ರಹ, ಬೇಕಿದ್ದರೆ ಲೇಖಕರಲ್ಲಿ ಪುಸ್ತಕಗಳ ಸಂಗ್ರಹ. ಪೈಥಾನಿನ ವೆಬ್ ಚೌಕಟ್ಟು ಜ್ಯಾಂಗೋದಲ್ಲಿ, ಟೇಬಲ್ ನೋಡಿ ಕ್ಲಾಸ್ ಬರೆಯುವ ಇನ್‌ಸ್ಪೆಕ್ಟ್‌ಡಿಬಿ ಆಜ್ಞೆ ಅದಕ್ಕೂ ಒಂದು ಮಾಡೆಲ್ (ಅಲ್ಲಿ ಇಂಥ ಕ್ಲಾಸಿಗೆ ಆ ಹೆಸರು) ಬರೆದುಕೊಡುತ್ತದೆ, ಅಳಿಸುವ ಕೆಲಸ ನಿಮ್ಮದು. ಆದರೆ ಅದೇ ಟೇಬಲ್ಲಿಗೆ ‘ಪಾತ್ರ’ (ಸಂಪಾದಕ, ಅನುವಾದಕ) ಎಂಬ ಕಾಲಂ ಸೇರಿತೋ, ಕ್ಲಾಸ್ ಬೇಕೇ ಬೇಕು. ಇಲ್ಲದಿದ್ದರೆ ಆ ಮಾಹಿತಿ ಇಡಲು ಜಾಗವೇ ಇರುವುದಿಲ್ಲ.

ಗಣ ಎಂಬ ಮಾತನ್ನು ಮರೆತವರು ಇನ್ನೊಂದು ಕಡೆ ಎಡವುತ್ತಾರೆ. ಗಣಕ್ಕೆ ಕ್ರಮವಿಲ್ಲ, ಲಿಸ್ಟಿಗಿದೆ. ಲೇಖಕರನ್ನು ಲಿಸ್ಟಿನಲ್ಲಿಟ್ಟು, ಟೇಬಲ್ಲಿನಲ್ಲಿ ‘ಕ್ರಮಸಂಖ್ಯೆ’ ಕಾಲಂ ಇಡದೆ, ಆರ್ಡರ್ ಬೈ (ಸಾಲುಗಳು ಬರಬೇಕಾದ ಕ್ರಮ ಹೇಳುವ ಮಾತು) ಕೂಡ ಬರೆಯದಿದ್ದರೆ ಮುಖಪುಟದ ಎರಡನೇ ಹೆಸರು ಒಂದು ದಿನ ಮೊದಲು ಬಂದು ಕೂರುತ್ತದೆ. ದೋಷ ಡೇಟಾಬೇಸಿನದಲ್ಲ. (ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನ ಟೇಬಲ್ ಒಂದೇ ಸಾಲನ್ನು ಎರಡು ಸಲ ಇಟ್ಟುಕೊಳ್ಳಲು ಬಿಡುತ್ತದೆ, ಹಾಗಾಗಿ ಅದು ಅಪ್ಪಟ ಗಣವಲ್ಲ ನಿಜ, ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಹಾಕಿದರೆ ಆ ತಕರಾರು ಮುಗಿಯಿತು.)

ನಂಟು ಡೇಟಾಬೇಸಿನಲ್ಲಿ ಒಂದೇ ಕಡೆ ದಾಖಲಾಗುತ್ತದೆ: ಪ್ರಕಾಶಕರ ಐಡಿ ಪುಸ್ತಕದ ಸಾಲಿನಲ್ಲಿರುತ್ತದೆ, ಅಷ್ಟೇ. ಕ್ಲಾಸುಗಳಲ್ಲಿ ಎರಡೂ ಕಡೆ ಬರೆದಿದ್ದರೆ ಯಾವ ಕಡೆಯದು ಅಧಿಕೃತ ಎಂದು ಹೇಳಬೇಕು. ಕ್ಲಾಸುಗಳನ್ನು ಟೇಬಲ್‌ಗಳಿಗೆ ಹೊಂದಿಸುವ ಜಾವಾದ ನಿಯಮಾವಳಿ ಜೆಪಿಎಯಲ್ಲಿ ಮ್ಯಾಪ್ಡ್‌ಬೈ ಇರುವುದು ಇದಕ್ಕೇ: ಅದನ್ನು ಬರೆದ ಬದಿ ಅಧಿಕೃತವಲ್ಲ. ಆ ಬದಿಯ, ಇಲ್ಲಿ ಪ್ರಕಾಶಕರ, ಸಂಗ್ರಹಕ್ಕೆ ಮಾತ್ರ ಪುಸ್ತಕ ಸೇರಿಸಿ, ಪುಸ್ತಕದ ಪ್ರಕಾಶಕ ಫೀಲ್ಡ್ ತುಂಬದೆ ಸೇವ್ ಮಾಡಿದರೆ ಆ ಕಾಲಂ ನಲ್ (ಖಾಲಿ) ಆಗಿಯೇ ಉಳಿಯುತ್ತದೆ, ಎರರ್ ಕೂಡ ಬರದೆ ಇರಬಹುದು. ಇನ್ನು ಲೇಜಿ ಲೋಡಿಂಗ್ (ಕೇಳಿದಾಗಷ್ಟೇ ಡೇಟಾ ತರುವ ವಿಧಾನ) ಇಟ್ಟು 100 ಪುಸ್ತಕಗಳನ್ನು ಲೂಪಿನಲ್ಲಿ ಸುತ್ತಿ ಲೇಖಕರ ಹೆಸರು ಅಚ್ಚು ಮಾಡಿದರೆ 1 ಕ್ವೆರಿಯ (ಡೇಟಾಬೇಸಿಗೆ ಹಾಕುವ ಪ್ರಶ್ನೆಯ) ಜಾಗದಲ್ಲಿ 101 ಓಡುತ್ತವೆ: ಪುಸ್ತಕಗಳಿಗೆ ಒಂದು, ಪ್ರತಿ ಪುಸ್ತಕದ ಲೇಖಕರಿಗೆ ಒಂದೊಂದು. ಎರಡನ್ನೂ ಒಂದೇ ಕ್ವೆರಿಯಲ್ಲಿ ತರುವ ಜಾಯಿನ್ ಫೆಚ್ ಬಳಸಿ.